ಹಳೇ ಗಾಡಿ ಅಲ್ವಾ, ಹಾಗೇ ಇರುತ್ತೆ

"ಹಿಡೀರಿ... ಹಿಡೀರಿ... ಅಯ್ಯೋ, ಯಾರಾದ್ರೂ ಹಿಡೀರಿ!"

ಕೂಗು ಕೇಳಿ ಮೆಕ್ಯಾನಿಕ್ ಪುಟ್ಟಿ ತಲೆ ಎತ್ತುವಷ್ಟರಲ್ಲಿ ಇಳಿಜಾರು ರಸ್ತೆಯಿಂದ ಒಂಟಿ ಚಕ್ರವೊಂದು ಉರುಳಿಕೊಂಡು ಬಂದು, ಗ್ಯಾರೇಜಿನ ಹೊಸ್ತಿಲು ಹಾರಿ, ಆಯಿಲ್ ಡಬ್ಬಿ ಕೆಡವಿ, ಅವಳ ಮೊಣಕಾಲಿಗೆ ಬಡಿದು, ಒಂದು ಸುತ್ತು ತಿರುಗಿ ಮಲಗಿತು.

ಹಿಂದೆಯೇ ಏದುಸಿರು ಬಿಡುತ್ತಾ ಒಬ್ಬ ಗಂಡಸು ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನ ಮೇಲೆ ಡ್ರೈವಿಂಗ್ ಸ್ಕೂಲಿನ ಬಿಲ್ಲೆ.

"ಕಣ್ಣು ಕಾಣಲ್ವೇನ್ರೀ? ಕಾಲು ಮುರಿದಿದ್ರೆ ಯಾರು ಹೊಣೆ?"

"ಕ್ಷಮಿಸಿ... ಕೈ ಜಾರಿತು. ಬ್ರೇಕ್ ವಿಷಯ ಕೇಳೋಣ ಅಂತ ಬಂದೆ."

"ಬ್ರೇಕ್ ಯಾರಿಗೆ? ಚಕ್ರಕ್ಕಾ, ನಿಮಗಾ?"

ಅಂದ ಮೇಲೆ ಪುಟ್ಟಿಗೇ ನಗು ಬಂತು. ಅವನಿಗೆ ಬರಲಿಲ್ಲ. ಅವನು ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು, ಮಂಡಿಯೂರಿ, ಚೆಲ್ಲಿದ ಆಯಿಲ್ ಒರೆಸತೊಡಗಿದ. ಗ್ಯಾರೇಜಿನ ನೆಲವನ್ನು ಕರವಸ್ತ್ರದಲ್ಲಿ ಒರೆಸುವ ಮನುಷ್ಯನನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ!

'ಇವನಿಗೆ ತಲೆ ನೆಟ್ಟಗಿದೆಯಾ?' ಅಂದುಕೊಂಡಳು. ಅಂದುಕೊಳ್ಳುತ್ತಲೇ ಅವನ ಬಗ್ಗಿದ ಕತ್ತನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಎಡವಟ್ಟುಗಳು ಶುರುವಾಗುವುದೇ ಹೀಗೆ.

"ಇದು ಹಳೇ ಸ್ಪೋರ್ಟ್ಸ್ ಕಾರಿನ ಸ್ಟೆಪ್ನಿ," ಎಂದ ಅವನು. "ಅದೇ ಗಾಡಿಯ ಹೊಸ ಮಾಡೆಲಿನ ಬ್ರೇಕ್ ಸೆಟ್ ಮನೇಲಿದೆ. ಈ ಚಕ್ರದೊಳಗೆ ಅದು ಕೂರುತ್ತಾ?"

"ಕೂರಲ್ಲ. ಹೊಸದರ ಡಿಸ್ಕು ದೊಡ್ಡದು. ಬ್ರೇಕ್ ಬದಲಾಯಿಸಿದ್ರೆ ಚಕ್ರಾನೂ ಬದಲಾಯಿಸ್ಬೇಕು. ಗಾಡಿ ಯಾರದು?"

"ನಮ್ಮಣ್ಣಂದು."

"ಅವರನ್ನೇ ಕರ್ಕೊಂಡು ಬನ್ನಿ, ಮಾತಾಡೋಣ."

"ಬರಲ್ಲ. ಆ ಗಾಡೀಲೇ ಹೋಗ್ಬಿಟ್ಟ."

ಪುಟ್ಟಿ ಮಲಗಿದ್ದ ಚಕ್ರವನ್ನು ಎತ್ತಿ ಗೋಡೆಗೆ ಒರಗಿಸಿದಳು. ಅಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿ, ಈ ಮಾತು ಯಾವುದೂ ಕಿವಿಗೆ ಬೀಳದೆ ಟೀ ಕುಡಿಯುತ್ತಿದ್ದ ಅಪ್ಪ ಕೂಗಿದರು. "ಪುಟ್ಟೀ, ಆ ಬಿಳಿ ಗಾಡಿ ಆಯ್ತಾ? ಮೂಗು ಮೇಲಿದ್ಯಾ?"

"ಇದೆ ಅಪ್ಪಾ, ಇದೆ. ದೇವರ ಜಪ ಮಾಡಿದ್ರೆ ಪುಣ್ಯನಾದ್ರೂ ಬರ್ತಿತ್ತು!"

ಈ ಮೂಗಿನ ಕಥೆ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಚಕ್ರದೊಳಗಿನ ಡಿಸ್ಕನ್ನು ದವಡೆಯ ಹಾಗೆ ಕಚ್ಚಿ ಹಿಡಿದು ಗಾಡಿ ನಿಲ್ಲಿಸುವುದು ಕ್ಯಾಲಿಪರ್. ಬ್ರೇಕ್ ಆಯಿಲಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಲು ಅದರ ಮೇಲ್ತುದಿಯಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಅದಕ್ಕೆ ಈ ಗ್ಯಾರೇಜಿನಲ್ಲಿ ಮೂಗು ಅಂತ ಹೆಸರು. ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೂ ಅವು ಏನೂ ಆಗದ ಹಾಗೆ ಕೂತುಬಿಡುತ್ತವೆ. ಮೂಗು ಮಾತ್ರ ಕೆಳಗಾಗುತ್ತದೆ. ಗಾಳಿ ಯಾವಾಗಲೂ ಮೇಲೇರುವಂಥದ್ದು. ಮೂಗು ಕೆಳಗಿದ್ದರೆ ಅದು ಒಳಗೇ ಉಳಿಯುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದರೆ ಆ ಮೆತ್ತನೆಯ ಪೆಡಲ್ ಪೂರ್ತಿ ನೆಲಕ್ಕೇ ಹೋಗಬಹುದು. ಕೆಲಸ ಕಲಿಯುವವರು ಮಾಡುವ ತಪ್ಪು ಇದು.

ಅಪ್ಪ ಬೋಲ್ಟ್ ಬಿಗಿಯುವ ಪಾನಾ ಮುಟ್ಟದೆ ವರ್ಷಗಳಾಗಿದ್ದವು. ಕೈ ನಡುಗುತ್ತದೆ ಅನ್ನುತ್ತಿದ್ದರು. ಟೀ ಲೋಟ ಹಿಡಿದಾಗ ಮಾತ್ರ ಆ ಕೈ ಅದು ಹೇಗೋ ನಡುಗುತ್ತಿರಲಿಲ್ಲ. ಆದರೂ ಒಂದೊಂದು ಗಾಡಿ ಹೊರಗೆ ಹೋಗುವಾಗಲೂ ಅದೇ ಪ್ರಶ್ನೆ... ಮೂಗು ಮೇಲಿದ್ಯಾ?

* * *

ಊರೆಲ್ಲ ಅವನನ್ನು ಮೇಷ್ಟ್ರು ಅನ್ನುತ್ತಿತ್ತು. ಗಾಡಿ ಕಲಿಸುವ ಮೇಷ್ಟ್ರು. ಊರು ಬಹುವಚನ ಕೊಟ್ಟರೆ ಕೊಡಲಿ, ಪುಟ್ಟಿ ಮನಸ್ಸಿನೊಳಗೆ ಏಕವಚನವನ್ನೇ ಕೊಟ್ಟಿದ್ದಳು. ನಾವೂ ಹಾಗೇ ಕರೆಯೋಣ.

ದೊಡ್ಡ ಚಕ್ರ ಹುಡುಕಲು ಅವರಿಬ್ಬರೂ ಗುಜರಿ ಅಂಗಡಿಗಳನ್ನು ಸುತ್ತಿದರು. ಗ್ಯಾರೇಜಿನ ಡಕೋಟಾ ವ್ಯಾನು. ಓಡಿಸುವವಳು ಪುಟ್ಟಿ. ಪಕ್ಕದಲ್ಲಿ ಅವನು. ಮೊದಲ ತಿರುವಿನಲ್ಲೇ ಅವಳಿಗೆ ಕಾಣಿಸಿತು. ಅವನ ಬಲಗಾಲು ಕೆಳಗೆ ನೆಲವನ್ನು ಒತ್ತುತ್ತಿತ್ತು!

"ಏನ್ರೀ ಅದು, ಜಿರಳೆ ಇದೆಯಾ?"

ಅವನು ನಾಚಿದ. "ನಮ್ಮ ಸ್ಕೂಲ್ ಗಾಡೀಲಿ ಮೇಷ್ಟ್ರ ಕಡೆಗೂ ಒಂದು ಬ್ರೇಕ್ ಇರುತ್ತೆ. ಅಭ್ಯಾಸ."

"ಇಲ್ಲಿ ಇಲ್ಲವಲ್ಲ."

"ಗೊತ್ತು. ಕಾಲಿಗೆ ಗೊತ್ತಿಲ್ಲ."

ಪುಟ್ಟಿ ವ್ಯಾನನ್ನು ಬದಿಗೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಹಣೆ ಇಟ್ಟು ನಕ್ಕಳು. ಆಗ ಅವನೂ ನಕ್ಕ. ಆ ಮುಖಕ್ಕೆ ನಗು ಇಷ್ಟು ಚೆನ್ನಾಗಿ ಒಪ್ಪುತ್ತದೆ ಅಂತ ಅವನಿಗೇ ಯಾರೂ ಹೇಳಿರಲಿಲ್ಲವೇನೋ...

ಗ್ಯಾರೇಜಿನಲ್ಲಿ ಅವಳು ಕೆಲಸ ಮಾಡುವಾಗ ಅವನು ಡಬ್ಬಿಯ ಮೇಲೆ ಕೂತು ನೋಡುತ್ತಿದ್ದ. ಒಂದು ದಿನ ಕೇಳಿದ. "ಬೋಲ್ಟ್ ಮೇಲೆ ಈ ಹಳದಿ ಗೀಟು ಯಾಕೆ?"

"ಬಿಗಿ ಮಾಡಾಯ್ತು ಅನ್ನೋ ಗುರುತು. ಅಪ್ಪಂದು ಬಿಳಿ, ನಂದು ಹಳದಿ. ನನ್ನ ಸಹಿ ಅಂತ ಇಟ್ಕೊಳ್ಳಿ. ಹಳದಿ ಕಂಡ್ರೆ ಕಣ್ಣು ಮುಚ್ಕೊಂಡು ಓಡಿಸಿ."

"ಕಣ್ಣು ಮುಚ್ಕೊಂಡು ಓಡಿಸಬೇಡಿ ಅಂತ ಕಲಿಸೋನು ನಾನು."

ಹೀಗೇ ಮಾತು ಬೆಳೆಯಿತು. ಮಾತಿನ ನಡುವೆ ಇದ್ದದ್ದಂತೂ ಮಾತಿಗಿಂತ ಬೇಗ ಬೆಳೆಯಿತು.

ಆದರೆ ಅವನೊಳಗೆ ಒಂದು ಕಹಿ ಇತ್ತು. ಅದನ್ನು ಅವಳು ನೋಡಿದ್ದು ಡ್ರೈವಿಂಗ್ ಸ್ಕೂಲಿನ ಕಿಟಕಿಯ ಹೊರಗೆ ನಿಂತಾಗ. ಒಳಗೆ ಹೊಸ ವಿದ್ಯಾರ್ಥಿಗಳ ಮುಂದೆ ಅವನು ಹೇಳುತ್ತಿದ್ದ.

"ದೊಡ್ಡ ಇಳಿಜಾರಿನ ಮೂರನೇ ತಿರುವು ಗೊತ್ತಲ್ಲ? ನಮ್ಮಣ್ಣ ಸತ್ತಿದ್ದು ಅಲ್ಲೇ. ಗಾಡಿ ಚೆನ್ನಾಗಿತ್ತು. ರಸ್ತೆ ಚೆನ್ನಾಗಿತ್ತು. ಕಾಲು ತಪ್ಪು ಪೆಡಲ್ ಮೇಲಿತ್ತು, ಅಷ್ಟೇ. ಶೋಕಿಗೆ ಸತ್ತ ನಮ್ಮಣ್ಣ. ನೀವು ಹಾಗೆ ಸಾಯಬೇಡಿ."

ಪುಟ್ಟಿ ಕಿಟಕಿಯಿಂದ ಹಿಂದೆ ಸರಿದಳು.

"ಪ್ರತೀ ಸಲಾನೂ ಇದನ್ನೇ ಹೇಳ್ತೀರಾ?" ಹೊರಗೆ ಬಂದಾಗ ಕೇಳಿದಳು.

"ಪ್ರತೀ ಸಲಾನೂ. ಅತಿವೇಗ ಅಂತ ವಿಚಾರಣೆಯವರೇ ಹೇಳಿದ್ರು. ಎಳೇ ಮಗಳು ಮನೇಲಿದ್ಲು ರೀ ಅವನಿಗೆ! ನಮ್ಮಮ್ಮ ಅವನ ಫೋಟೋ ಗೋಡೆಗೆ ಹಾಕೋಕೆ ಬಿಟ್ಟಿಲ್ಲ. 'ಹೆಂಡ್ತಿ ಮಗೂನ ನೆನೆಸದೆ ಹೋದವನ ಮುಖ ನನಗೆ ಬೇಡ' ಅಂತಾರೆ. ನಾನೂ ಒಂದು ಹನಿ ಅತ್ತಿಲ್ಲ."

"ಮತ್ತೆ ಈ ಬ್ರೇಕ್ ಯಾಕೆ ಹಾಕಿಸ್ತಿದ್ದೀರಿ?"

"ಅತ್ತಿಗೆ ಹಟ. ಸಾಯೋ ಮುಂಚೆ ಅವನೇ ತಂದಿಟ್ಟಿದ್ದ ಸೆಟ್ಟು. 'ಅವರು ತಂದಿದ್ದನ್ನ ಹಾಕಿಸು, ಆಮೇಲೆ ಗಾಡಿ ಏನಾದ್ರೂ ಮಾಡು' ಅಂದ್ರು."

"ಜೋರಾಗಿ ಓಡೋಕೆ ಹೊರಟವನು ಬ್ರೇಕ್ ತಂದಿಡ್ತಾನಾ?"

ಅವನು ನಡೆಯುತ್ತಾ ನಡೆಯುತ್ತಾ ಅವಳ ಕೈ ಹಿಡಿದುಕೊಂಡ. ಗ್ರೀಸು ಮೆತ್ತಿದ ಕೈ. ಬಿಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

"ಬ್ರೇಕ್ ಹಾಕಿ ಮುಗಿದ ದಿನ ನಿಮ್ಮ ಅಪ್ಪನ ಹತ್ರ ಬಂದು ಮಾತಾಡ್ತೀನಿ," ಎಂದ. "ಆಗಬಹುದಾ?"

'ಆಗಬಹುದಾ ಅಂತೆ! ಇಷ್ಟು ದಿನ ಯಾಕೆ ಕಾಯಿಸಿದೆ ಅಂತ ಕೇಳ್ಬೇಕು ಇವನನ್ನ...'

"ನೋಡೋಣ," ಎಂದಳು ಬಾಯಲ್ಲಿ.

* * *

ಗಾಡಿ ಬರುವ, ಮೇಷ್ಟ್ರು ಬಂದು ಮಾತಾಡುವ ಸುದ್ದಿಯನ್ನು ಅಪ್ಪನಿಗೆ ಹೇಳಿದ್ದೇ ತಡ, ಅವರ ಮುಖ ಬೂದಿಯಾಯಿತು.

"ಯಾವ ಗಾಡಿ ಅಂದೆ? ಕೆಂಪಂದಾ? ಇಳಿಜಾರಲ್ಲಿ ಹೋದದ್ದಾ?"

"ಹೌದು. ನಾಳೆ ತರ್ತಾರೆ."

"ಬೇಡ. ಆ ಗಾಡಿ ನಮ್ಮ ಗ್ಯಾರೇಜಿಗೆ ಬೇಡ. ಆ ಹುಡುಗನೂ ಬೇಡ."

"ಯಾಕಪ್ಪಾ?"

"ಬೇಡ ಅಂದ್ರೆ ಬೇಡ! ಸತ್ತವರ ಗಾಡಿ."

ಪುಟ್ಟಿಗೆ ಉರಿ ಹತ್ತಿತು. ಅಮ್ಮ ಹೋದಾಗಿನಿಂದ ಈ ಮನೆ, ಈ ಗ್ಯಾರೇಜು, ಈ ಕುರ್ಚಿ, ಈ ಟೀ ಎಲ್ಲವನ್ನೂ ಹೊತ್ತವಳು ಅವಳು. ಒಬ್ಬ ಮನುಷ್ಯ ಕೈ ಹಿಡಿದರೆ ಅಷ್ಟೂ ಬೇಡವಾ?

"ಗೊತ್ತು ಬಿಡಿ. ನಾನು ಹೋಗ್ಬಿಟ್ರೆ ನಿಮಗೆ ಟೀ ಮಾಡಿಕೊಡೋರು ಯಾರು ಅಂತ ತಾನೆ?"

ಅಪ್ಪ ಹೊಡೆಸಿಕೊಂಡವರಂತೆ ಅವಳನ್ನು ನೋಡಿದರು. ಟೀ ಲೋಟ ಕೆಳಗಿಟ್ಟು, ಎದ್ದು ಹೊರಗೆ ಹೋದರು. ಮಗಳು ತಾನೇ ಗೆದ್ದೆ ಅಂದುಕೊಂಡಳು. ಪಾಪ, ಗೆದ್ದದ್ದು ಏನನ್ನು ಅಂತ ಅವಳಿಗೆ ಗೊತ್ತಿರಲಿಲ್ಲ.

* * *

ಕೆಂಪು ಗಾಡಿ ಲಾರಿಯ ಬೆನ್ನೇರಿ ಬಂತು. ನಜ್ಜುಗುಜ್ಜಾಗಿದ್ದ ಬಾಗಿಲು ಬದಲಾಗಿತ್ತು, ಬಣ್ಣ ಹೊಸದಾಗಿತ್ತು. ಚಕ್ರಗಳನ್ನು ಮಾತ್ರ ಅವತ್ತಿನಿಂದ ಯಾರೂ ಬಿಚ್ಚಿರಲಿಲ್ಲ. ಒಂದು ಕಾಲದಲ್ಲಿ ಈ ಮಾಡೆಲಿನ ಗಾಡಿಗಳು ಗ್ಯಾರೇಜಿಗೆ ಎಷ್ಟೋ ಬಂದು ಹೋಗುತ್ತಿದ್ದವು, ಪುಟ್ಟಿಗೆ ವಿಶೇಷವೇನೂ ಅನ್ನಿಸಲಿಲ್ಲ. ಅವನು ಕ್ಲಾಸು ಮುಗಿಸಿ ಸಂಜೆ ಬರುತ್ತೇನೆಂದು ಹೋದ. ಅಪ್ಪ ಬೆಳಿಗ್ಗೆಯೇ ಎಲ್ಲಿಗೋ ಎದ್ದು ಹೋಗಿದ್ದರು.

ಹಾಡು ಗುನುಗುತ್ತಾ ಜಾಕ್ ಕೊಟ್ಟಳು. ಎಡಗಡೆಯ ಚಕ್ರ ಬಿಚ್ಚಿದಳು. ಟಾರ್ಚ್ ಹಾಕಿದಳು.

ಹಾಡು ನಿಂತಿತು.

ತುಕ್ಕು ಹಿಡಿದ ಕ್ಯಾಲಿಪರಿನ ಬೋಲ್ಟುಗಳ ಮೇಲೆ ಹಳದಿ ಗೀಟು...

'ನನ್ನದು?'

ಕೈಬೆರಳಿಂದ ಧೂಳು ಒರೆಸಿದಳು. ಅವಳದೇ. ಹೊಸದಾಗಿ ಬಣ್ಣ ಕೈಗೆ ಸಿಕ್ಕಾಗಿನ ಉತ್ಸಾಹದಲ್ಲಿ ಎಳೆದ ದಪ್ಪ ಗೀಟು. ಆಮೇಲೆ ಮೂಗನ್ನು ಹುಡುಕಿದಳು. ಮೇಲೆ ಇರಲಿಲ್ಲ.

ಕೆಳಗಿತ್ತು!

ಓಡಿ ಬಲಗಡೆಯ ಚಕ್ರ ಬಿಚ್ಚಿದಳು. ಅಲ್ಲೂ ಹಳದಿ. ಅಲ್ಲೂ ಕೆಳಗೆ.

ನೆನಪು ಬಂತು. ತಡೆಯಲು ನೋಡಿದರೂ ಬಂತು. ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳು, ಅಪ್ಪ ಅಲ್ಲೇ ಕಾವಲು. ಕಾಲೇಜಿಗೆ ಚಕ್ಕರ್ ಹಾಕಿ ಗ್ಯಾರೇಜ್ ನೋಡಿಕೊಳ್ಳುತ್ತಿದ್ದ ಹುಡುಗಿ ತಾನು. ಬ್ರೇಕಿನ ಸೀಲು ಬದಲಾಯಿಸಬೇಕೆಂದು ಬಂದಿದ್ದ ಉದ್ದನೆಯ ಮನುಷ್ಯನೊಬ್ಬ, ಮಗಳಿಗೆಂದು ಕೊಂಡ ಬಟ್ಟೆಬೊಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು, ಅವಸರವಿಲ್ಲದೆ ಕಾಯುತ್ತಾ ನಿಂತಿದ್ದ. ಎರಡೂ ಕ್ಯಾಲಿಪರ್ ಬಿಚ್ಚಿ ಒಂದೇ ತಟ್ಟೆಯಲ್ಲಿ ತೊಳೆದಿಟ್ಟಿದ್ದಳು. ಆಸ್ಪತ್ರೆಯಿಂದ ಫೋನು ಬಂದಿತ್ತು. ಬಂದು ಜೋಡಿಸಿದ್ದಳು. ಯಾವುದು ಎಡ, ಯಾವುದು ಬಲ...

ಹೊರಡುವಾಗ ಅವನು ಪೆಡಲ್ ಒತ್ತಿ ನೋಡಿ ಕೇಳಿದ್ದ. "ಸ್ವಲ್ಪ ಮೆತ್ತಗಿದೆ ಅಲ್ವಾಮ್ಮಾ?"

ತಾನೇನು ಹೇಳಿದ್ದೆ?

"ಹಳೇ ಗಾಡಿ ಅಲ್ವಾ, ಹಾಗೇ ಇರುತ್ತೆ."



* * *

ಕೈಯಲ್ಲಿ ಪಾನಾ ಇತ್ತು. ಮೂಲೆಯಲ್ಲಿ ಗುಜರಿಯ ರಾಶಿ ಇತ್ತು. ಹಳೆಯದನ್ನು ಬಿಚ್ಚುವುದೇ ಅವಳಿಗೆ ಕೊಟ್ಟ ಕೆಲಸ. ಬಿಚ್ಚಿ ರಾಶಿಗೆ ಎಸೆದು ಹೊಸದನ್ನು ಕೂರಿಸಿದರೆ ಪ್ರಪಂಚದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸಂಜೆ ಅವನು ಬರುತ್ತಾನೆ. ಅಪ್ಪನ ಹತ್ತಿರ ಮಾತಾಡುತ್ತಾನೆ.

ಮದುವೆಯಾಗಬಹುದು. ಸುಖವಾಗಿಯೂ ಇರಬಹುದು. ಮತ್ತು ಆ ಮನುಷ್ಯ ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಅವರ ಮುಂದೆ ನಿಂತು, "ಶೋಕಿಗೆ ಸತ್ತ ನಮ್ಮಣ್ಣ," ಅನ್ನುತ್ತಿರುತ್ತಾನೆ. ಅದನ್ನು ಅವಳು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿರಬೇಕು.

"ಬಿಚ್ಚಿಬಿಡು."

ಬಾಗಿಲಲ್ಲಿ ಅಪ್ಪ ನಿಂತಿದ್ದರು.

"ನಿಮಗೆ ಗೊತ್ತಿತ್ತು!"

"ಆಕ್ಸಿಡೆಂಟ್ ಆದ ಮರುದಿನ ಹೋಗಿ ನೋಡಿದ್ದೆ. ಚಕ್ರದ ಸಂದಿಯಿಂದ ಕಾಣ್ತು. ಮೂಗು ಕೆಳಗಿತ್ತು, ಹಳದಿ ಇತ್ತು. ಅವತ್ತಿಗೆ ನಿಮ್ಮಮ್ಮ ಹೋಗಿ ಇನ್ನೂ ವಾರ ಆಗಿರ್ಲಿಲ್ಲ. ನಿನಗೆ ಹೇಗೆ ಹೇಳ್ಲಿ ಮಗಳೇ? ಹೇಳಿದ್ರೆ ನೀನು ಬದುಕ್ತಿದ್ಯಾ?"

"ಅದಕ್ಕೇ ಪಾನಾ ಬಿಟ್ರಾ? ಕೈ ನಡುಕ ಅಂದಿದ್ದು..."

"ನಿನಗೆ ಸರಿಯಾಗಿ ಕಲಿಸದ ಕೈ. ನಡುಗದೇ ಇನ್ನೇನು ಮಾಡುತ್ತೆ?"

ಅವರ ಮೂಗಿನ ಜಪ ಅವಳ ಕಿವಿಯಲ್ಲಿ ಒಂದೇ ಸಮನೆ ಮೊಳಗಿತು. ಅವಳು ನಕ್ಕು ತಳ್ಳಿದ ಒಂದೊಂದು ಸಲವೂ ನೆನಪಾಯಿತು.

"ಬಿಚ್ಚಿ ಗುಜರಿಗೆ ಹಾಕು ಪುಟ್ಟೀ. ನನ್ನಾಣೆ. ಸತ್ತವನು ವಾಪಸ್ ಬರಲ್ಲ. ನೀನಾದ್ರೂ ಚೆನ್ನಾಗಿರು."

"ಆ ಮನೇಲಿ ಇವತ್ತಿಗೂ ಅವರ ಫೋಟೋ ಇಲ್ಲ ಅಪ್ಪಾ!" ಅವಳ ದನಿ ಒಡೆಯಿತು. "ಹೆತ್ತ ತಾಯಿ ಮಗನ ಮುಖ ನೋಡ್ತಿಲ್ಲ. ತಮ್ಮ ಅಳ್ತಿಲ್ಲ. ನೀವು ನನ್ನ ಕಾಪಾಡಿದ್ದಲ್ಲ, ನನ್ನ ಪಾಲಿನ ತಪ್ಪನ್ನ ಅವರ ತಲೆಗೆ ಕಟ್ಟಿದ್ದು!"

ಅಪ್ಪ ಕುರ್ಚಿ ಹಿಡಿದುಕೊಂಡರು. ಈಗ ಅವರ ಕೈ ನಿಜವಾಗಿ ನಡುಗುತ್ತಿತ್ತು. ಪುಟ್ಟಿ ಪಾನಾವನ್ನು ಕೆಳಗಿಟ್ಟಳು.

* * *

ಸಂಜೆ ಅವನು ಬಂದಾಗ ಹೊಸ ಅಂಗಿ ತೊಟ್ಟಿದ್ದ. ಕ್ರಾಪು ನೀರು ಹಚ್ಚಿ ಬಾಚಿದ್ದ. ಅದನ್ನು ನೋಡಿಯೇ ಅವಳಿಗೆ ಅರ್ಧ ಜೀವ ಹೋಯಿತು.

"ಅಪ್ಪ ಇದ್ದಾರಾ?"

"ಇದ್ದಾರೆ. ಅದಕ್ಕೂ ಮುಂಚೆ ಇಲ್ಲಿ ಬನ್ನಿ."

ಟಾರ್ಚನ್ನು ಅವನ ಕೈಗೆ ಕೊಟ್ಟಳು. ಅವನು ಬಗ್ಗಿ ನೋಡಿದ. ಮೊದಲು ನಗುತ್ತಲೇ ನೋಡಿದ.

"ಅರೆ, ಹಳದಿ... ಆಗಲೇ ಹೊಸದು ಹಾಕಿಬಿಟ್ರಾ?"

"ಇಲ್ಲ. ಇದು ಹಳೇದು. ನಿಮ್ಮಣ್ಣ ಓಡಿಸ್ತಿದ್ದದ್ದು."

ಅವನ ಹೆಬ್ಬೆರಳು ಆ ಗೀಟಿನ ಮೇಲೆ ನಿಂತಿತು. ತಿಂಗಳುಗಟ್ಟಲೆ ಡಬ್ಬಿಯ ಮೇಲೆ ಕೂತು ಅಪ್ಪನ ಪ್ರಶ್ನೆಯನ್ನು ಕೇಳಿದವನು ಅವನು. ಹೇಳಿಕೊಡಬೇಕಾಗಿರಲಿಲ್ಲ. ಟಾರ್ಚಿನ ಬೆಳಕು ನಿಧಾನವಾಗಿ ಕೆಳಗಿಳಿಯಿತು.

"ಮೂಗು..."

"ಕೆಳಗಿದೆ. ಎರಡೂ ಕಡೆ. ಪೆಡಲ್ ಮೆತ್ತಗಿದೆ ಅಂತ ಅವರು ನನ್ನ ಕೇಳಿದ್ರು. ಹಳೇ ಗಾಡಿ ಹಾಗೇ ಇರುತ್ತೆ ಅಂದೆ. ನಿಮ್ಮಣ್ಣನ ಕಾಲು ತಪ್ಪು ಪೆಡಲ್ ಮೇಲಿರಲಿಲ್ಲ. ಬ್ರೇಕ್ ಮೇಲೇ ಇತ್ತು. ಬ್ರೇಕೇ ಇರಲಿಲ್ಲ."

ಆಮೇಲೆ ಅವನ ಬಾಯಿಂದ ಬಂದದ್ದು ಸಿಟ್ಟಲ್ಲ.

"ಇವತ್ತು ಬೆಳಿಗ್ಗೆ ಕೂಡ ಹೇಳಿದೆ ನಾನು... ಕ್ಲಾಸಲ್ಲಿ... ಶೋಕಿಗೆ ಸತ್ತ ಅಂತ."

ಅಂದವನೇ ಅತ್ತ. ಅಷ್ಟು ವರ್ಷಗಳಲ್ಲಿ ಅಳದೆ ಉಳಿಸಿಟ್ಟದ್ದನ್ನೆಲ್ಲ ಆ ತುಕ್ಕು ಹಿಡಿದ ಚಕ್ರದ ಮುಂದೆ ಕೂತು ಅತ್ತ. ಅವಳು ಕೈ ಚಾಚಿದಳು. ಅವನು ಸರಿದುಕೊಂಡ.

"ಮುಟ್ಟಬೇಡಿ. ನಿಮ್ಮ ಮುಖ ನೋಡೋಕೆ ಆಗ್ತಿಲ್ಲ ನನಗೆ."

ಟಾರ್ಚನ್ನು ನೆಲದ ಮೇಲಿಟ್ಟು ಹೊರಟುಹೋದ. ಅದನ್ನು ಆರಿಸಬೇಕೆಂದೂ ಪುಟ್ಟಿಗೆ ತೋಚಲಿಲ್ಲ.

* * *

ಮರುದಿನ ಅವಳು ಠಾಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಕರೆದಾಗ ಬರಬೇಕು ಎಂದರು. ಅಲ್ಲಿಂದ ನೇರ ಅವನ ಮನೆಗೆ ಹೋದಳು. ಬಾಗಿಲು ತೆರೆದವರು ಅವನ ಅತ್ತಿಗೆ. ಹಿಂದೆ ಒಬ್ಬ ಹುಡುಗಿ, ಉದ್ದನೆಯ ಅಪ್ಪನ ಉದ್ದನೆಯ ಮಗಳು. ಅವಳ ಹಿಂದೆ ಗೋಡೆಗೊರಗಿ ಕೂತ ಮುದುಕಿ.

ಪುಟ್ಟಿ ಹೊಸ್ತಿಲಾಚೆ ನಿಂತೇ ಹೇಳಿದಳು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಅತ್ತಿಗೆ ಪೂರ್ತಿ ಕೇಳಿದರು. "ಆ ಹೊಸ ಬ್ರೇಕ್ ಸೆಟ್ ತಂದ ದಿನ ನಮ್ಮನೆಯವರು ಒಂದು ಮಾತು ಹೇಳಿದ್ರು," ಎಂದರು. "'ಗ್ಯಾರೇಜಿನ ಹುಡುಗಿ ಹೇಳಿದ್ಲು, ಹಳೇ ಗಾಡಿ ಬ್ರೇಕ್ ಹೀಗೇ ಇರುತ್ತಂತೆ, ಅದಕ್ಕೇ ಹೊಸದು ಹಾಕಿಸ್ಬಿಡೋಣ ಅಂತ ತಂದೆ' ಅಂದ್ರು. ಇದ್ದ ಬ್ರೇಕ್ ಸಾಲದು ಅಂತ ಹೆದರಿ ತಂದಿಟ್ಟಿದ್ರು ಆ ಮನುಷ್ಯ. ಅದನ್ನ ಹಾಕಿಸೋಕೆ ದಿನ ಸಿಗಲಿಲ್ಲ."

ಇದೊಂದು ಪುಟ್ಟಿಗೆ ಗೊತ್ತಿರಲಿಲ್ಲ.

"ಒಳಗೆ ಬನ್ನಿ ಅಂತ ನಾನು ಕರೆಯಲ್ಲ. ಬಂದು ಹೇಳಿದ್ರಲ್ಲ, ಅದನ್ನ ಮಾತ್ರ ಮರೆಯಲ್ಲ." ಬಾಗಿಲು ಮುಚ್ಚುವ ಮುಂಚೆ ಅವರು ಒಂದು ಕ್ಷಣ ತಡೆದರು. "ಕೆಲಸ ಅರ್ಧಕ್ಕೆ ಬಿಡಬೇಡಿ. ತಪ್ಪಾಗಿ ಹಾಕಿದವರೇ ಸರಿಯಾಗಿ ಹಾಕಿ."

ಅವಳು ಹಾಕಿದಳು. ಅಳುತ್ತಾ ಹಾಕಿದಳು. ಹೊಸ ಡಿಸ್ಕು, ಹೊಸ ಕ್ಯಾಲಿಪರು, ದೊಡ್ಡ ಚಕ್ರ. ಒಂದೊಂದು ಬೋಲ್ಟಿಗೂ ಹಳದಿ ಗೀಟು ಎಳೆಯುವಾಗ ಕೈ ತಡೆಯಿತು. ಆದರೂ ಎಳೆದಳು. ಸಹಿ ಮಾಡದೆ ಬಿಟ್ಟರೆ ಅದೂ ಒಂದು ಸುಳ್ಳೇ.

ಉಳಿದದ್ದು ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಕೂತು ಮೂಗು ತೆರೆದು ಮುಚ್ಚಬೇಕು. ಅಪ್ಪ ಬರಲಾ ಎಂದು ಕೇಳಿದರು. ಅವಳು ಬೇಡ ಎಂದಳು. ಗಾಡಿ ಹಾಗೇ ನಿಂತಿತು. ಮಳೆಗಾಲ ಕಳೆದು ಬಿಸಿಲು ಬಂದರೂ ನಿಂತೇ ಇತ್ತು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅವಳು ತಲೆ ಎತ್ತುತ್ತಿದ್ದಳು, ಅವನಲ್ಲವೆಂದು ಕಂಡು ಮತ್ತೆ ಬಗ್ಗುತ್ತಿದ್ದಳು.

* * *

ಅವನು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಸೊರಗಿದ್ದ. ಅಂಗಿಗೆ ಇಸ್ತ್ರಿ ಇರಲಿಲ್ಲ. ಕುರ್ಚಿಯಿಂದ ಏಳಲು ಹೋದ ಅಪ್ಪನಿಗೆ ಕೈ ಅಡ್ಡ ಹಿಡಿದು, ನೇರ ಬಂದು ಕೆಂಪು ಗಾಡಿಯ ಸೀಟಿನಲ್ಲಿ ಕೂತ.

"ಹೇಳಿ. ಒತ್ತಬೇಕಲ್ವಾ?"

ಪುಟ್ಟಿ ಚಕ್ರದ ಬಳಿ ಕೂತಳು. "ಒತ್ತಿ."

"ಒತ್ತಿದೆ."

"ಹಿಡಿದಿರಿ."

ಮೂಗು ತೆರೆಯಿತು. ಗುಳ್ಳೆಗಳು ಬಂದವು. ಮುಚ್ಚಿದಳು. "ಬಿಡಿ."

ಮತ್ತೆ ಒತ್ತಿ, ಮತ್ತೆ ಹಿಡಿದಿರಿ, ಮತ್ತೆ ಬಿಡಿ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಬಹುಶಃ ಅದಕ್ಕೇ ಅವನಿಗೆ ಮಾತು ಬಂತು.

"ಅಮ್ಮ ಅಣ್ಣನ ಫೋಟೋ ಹಾಕಿಸಿದ್ರು."

ಅವಳ ಕೈ ನಿಂತಿತು.

"ನನ್ನ ಹತ್ರಾನೂ ಹೇಳಿದ್ದ ಅವನು, ಬ್ರೇಕ್ ಮೆತ್ತಗಿದೆ ಕಣೋ ಅಂತ. ನಿಧಾನಕ್ಕೆ ಓಡಿಸು ಅಂದು ಸುಮ್ನಾಗಿದ್ದೆ. ಮರೆತೇ ಹೋಗಿತ್ತು. ಮರೆತಿದ್ನೋ, ಮರೆತ ಹಾಗಿದ್ನೋ. ನೀವು ಒಂದು ಸಲ ತಪ್ಪು ಹೇಳಿದ್ರಿ. ನಾನು ಎಷ್ಟು ಸಲ ಹೇಳಿದೆ, ಎಷ್ಟು ಜನದ ಮುಂದೆ!"

"ಒತ್ತಿ," ಎಂದಳು.

"ಒತ್ತಿದೆ. ಕೇಳಿ, ನಾನು ನಿಮ್ಮನ್ನ ಕ್ಷಮಿಸಿಲ್ಲ."

"ಗೊತ್ತು."

"ಕ್ಷಮಿಸ್ತೀನೋ ಇಲ್ವೋ ಗೊತ್ತಿಲ್ಲ. ನಿಮ್ಮ ಮೇಲೆ ಸಿಟ್ಟಿದೆ. ಆದ್ರೆ ನೀವು ಬಚ್ಚಿಡಬಹುದಿತ್ತು... ಬಚ್ಚಿಡಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ನಾನು ಸಾಯೋವರೆಗೂ ಅಣ್ಣನ್ನ ಬೈಕೊಂಡೇ ಇರ್ತಿದ್ದೆ. ನಿಮ್ಮನ್ನ ಮರೆಯೋಣ ಅಂತ ತುಂಬ ನೋಡಿದೆ. ಪ್ರೀತಿ ಹೋಗ್ತಿಲ್ಲ. ನನಗೆ ಜಾಸ್ತಿ ಸಿಟ್ಟಿರೋದು ಅದರ ಮೇಲೇನೇ!"

ಪುಟ್ಟಿಯ ಕಣ್ಣೀರು ನೇರ ನೆಲದ ಆಯಿಲಿಗೆ ಬಿತ್ತು.

"ಹಿಡಿದಿರಿ," ಎಂದಳು. "ಇನ್ನೊಂದು ಸಲ..."

ಕೊನೆಗೆ ಪೆಡಲ್ ಕಲ್ಲಿನ ಹಾಗೆ ನಿಂತಿತು. ಅವನು ಇಳಿದು ಬಂದು, ನೆಲದ ಮೇಲೆ ಅವಳ ಪಕ್ಕದಲ್ಲಿ ಮಲಗಿ, ಚಕ್ರದೊಳಗೆ ನೋಡಿದ.

"ಮೂಗು ಮೇಲಿದೆ," ಎಂದ ಜೋರಾಗಿ, ಮೂಲೆಯ ಕುರ್ಚಿಗೆ ಕೇಳಿಸಲೆಂದು.

ಅಪ್ಪ ಮುಖಕ್ಕೆ ಟವೆಲ್ ಮುಚ್ಚಿಕೊಂಡರು.

* * *

ದೊಡ್ಡ ಇಳಿಜಾರಿನ ತಲೆಯಲ್ಲಿ ಅವನು ಬೀಗದ ಕೈಯನ್ನು ಅವಳ ಕಡೆ ಚಾಚಿದ. "ನೀನೇ ಓಡಿಸು."

ನೀನು ಅಂದಿದ್ದ. ಅದನ್ನು ಅವಳು ಆಮೇಲೆ ಸಾವಿರ ಸಲ ನೆನೆಸಿಕೊಳ್ಳಬೇಕು, ಈಗ ಅದಕ್ಕೂ ಭಯ.

"ನಾನಾ? ಬೇಡ... ನನ್ನ ಕೈಯಲ್ಲಿ ಆಗಲ್ಲ."

"ನಿನ್ನ ಕೈ ಕೆಲಸ. ನೀನೇ ಇಳಿಸಬೇಕು. ನಾನು ಪಕ್ಕದಲ್ಲಿ ಕೂರ್ತೀನಿ."

ಗಾಡಿ ಇಳಿಯತೊಡಗಿತು. ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯಿತು. ಎರಡನೆಯದರಲ್ಲಿ ಹಿಡಿಯಿತು. ಮೂರನೆಯ ತಿರುವಿನ ಗೋಡೆ ಎದುರಾದಾಗ ಅವಳ ಕಣ್ಣು ಮಂಜಾಯಿತು. ಒತ್ತಿದಳು. ಕೆಂಪು ಗಾಡಿ ಕೂಗಾಡದೆ, ತೂರಾಡದೆ, ಗೋಡೆಗೆ ಮಾರು ದೂರದಲ್ಲಿ ನಿಂತಿತು. ಒಂದು ಕಾಲದಲ್ಲಿ ಇಲ್ಲೇ ನಿಲ್ಲಬೇಕಿತ್ತು ಅದು.

ಇಬ್ಬರೂ ಆ ಗೋಡೆಯನ್ನು ನೋಡುತ್ತಾ ಕೂತರು. ಅವತ್ತು ಒಡೆದಲ್ಲಿ ಹಾಕಿದ ಗಾರೆಯ ತೇಪೆ ಇನ್ನೂ ಬಣ್ಣ ಬೇರೆಯಾಗಿ ಕಾಣುತ್ತಿತ್ತು.

ಸುಮಾರು ಹೊತ್ತಿನ ಮೇಲೆ ಪುಟ್ಟಿ ಪಕ್ಕಕ್ಕೆ ತಿರುಗಿದಳು. ಆ ಇಕ್ಕಟ್ಟಿನ ಸೀಟಿನಲ್ಲಿ, ಮಂಡಿ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡು, ಅವನು ಎರಡೂ ಕಾಲು ಮೇಲಕ್ಕೆ ಮಡಚಿ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಇದೇನು ಮೇಷ್ಟ್ರೇ, ಹೀಗೆ ಕೂತಿದ್ದೀರಿ?"

"ಕಾಲು ಕೆಳಗಿದ್ರೆ ಒತ್ತಿಬಿಡುತ್ತೆ," ಎಂದ. "ನಿನ್ನ ಬ್ರೇಕ್ ನಾನು ಒತ್ತಬಾರದು ಅಂತ..."

"ಭಯ ಆಗಲಿಲ್ವಾ?"

"ತುಂಬ ಆಯ್ತು."

"ಮತ್ತೆ?"

ಅವನು ಅವಳ ಗ್ರೀಸಿನ ಕೈ ತೆಗೆದುಕೊಂಡು ತನ್ನ ಮಡಚಿದ ಕಾಲಿನ ಮೇಲಿಟ್ಟುಕೊಂಡ. "ಮತ್ತೇನು? ಇಳಿಸು. ಇನ್ನೂ ರಸ್ತೆ ಇದೆ."